ಮನೆಯವರೇ ಮುಚ್ಚಿಟ್ಟ ಯಹೂದಿ ಮೂಲ: ಪದೇ ಪದೇ ಕೇಳುವ ಪ್ರಶ್ನೆಗಳು

ಎರಡನೆಯ ಮಹಾಯುದ್ಧದ ಕಾಲದಲ್ಲಿ ಮತ್ತು ಅದರ ನಂತರದ ವರ್ಷಗಳಲ್ಲಿ ಯೂರೋಪಿನ ಎಷ್ಟೋ ಯಹೂದಿ ಕುಟುಂಬಗಳು ತಾವು ಯಾರೆಂಬುದನ್ನು ಸರ್ಕಾರದಿಂದ, ನೆರೆಹೊರೆಯವರಿಂದ, ಕೊನೆಗೆ ಸ್ವಂತ ಮಕ್ಕಳಿಂದಲೂ ಮುಚ್ಚಿಟ್ಟವು. ಈ ಚರಿತ್ರೆಯನ್ನು ಸಾಮಾನ್ಯವಾಗಿ ಸೇನೆ, ಶಿಬಿರ, ಸಾವಿನ ಸಂಖ್ಯೆಗಳ ಮೂಲಕ ಹೇಳಲಾಗುತ್ತದೆ. ಆ ಮನೆಗಳಲ್ಲಿ ಬೆಳೆದ ಮಗುವಿನ ಕಡೆಯಿಂದ ನೋಡಿದರೆ ಮಾತ್ರ ಕಾಣುವ ಸಂಗತಿಗಳು ಹಲವಿವೆ ಎಂಬ ನಂಬಿಕೆಯಿಂದ, ಮಾತುಕತೆಗಳಲ್ಲಿ, ಪತ್ರಗಳಲ್ಲಿ, ಓದುಗರ ಪ್ರತಿಕ್ರಿಯೆಗಳಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟು ಇಲ್ಲಿ ಉತ್ತರಿಸಿದ್ದೇನೆ. ನಾಟಕಕಾರ ಟಾಮ್ ಸ್ಟಾಪಾರ್ಡ್, ಇತಿಹಾಸಕಾರ ಸಾಲ್ ಫ್ರೀಡ್‌ಲ್ಯಾಂಡರ್, ಅಮೆರಿಕದ ವಿದೇಶಾಂಗ ಸಚಿವೆಯಾಗಿದ್ದ ಮೆಡಲಿನ್ ಆಲ್‌ಬ್ರೈಟ್ ಈ ಮೂವರ ಬಾಲ್ಯ ಇಲ್ಲಿ ಮುಖ್ಯ ಆಧಾರ. ಮೂವರೂ ಹುಟ್ಟಿದ್ದು ಅಂದಿನ ಚೆಕೊಸ್ಲೊವಾಕಿಯಾದಲ್ಲಿ.

## ಮೊದಲು ತಿಳಿಯಬೇಕಾದದ್ದು

ಮನೆಯವರೇ ಮಕ್ಕಳಿಗೆ "ನಾವು ಯಹೂದಿಗಳು" ಅಂತ ಹೇಳದೇ ಇರೋದು ಹೇಗೆ ಸಾಧ್ಯ? ಹಬ್ಬಹರಿದಿನದಲ್ಲಾದರೂ ಗೊತ್ತಾಗಲ್ವಾ?

ಪ್ರಾಗ್, ವಿಯೆನ್ನಾ, ಬರ್ಲಿನ್, ಬುಡಾಪೆಸ್ಟ್ ನಗರಗಳ ಮಧ್ಯಮ ವರ್ಗದ ಯಹೂದಿ ಕುಟುಂಬಗಳಲ್ಲಿ ಹಲವು 1930ರ ದಶಕದ ಹೊತ್ತಿಗೆ ಸುತ್ತಲಿನ ಸಮಾಜದಲ್ಲಿ ಬೆರೆತುಹೋಗಿದ್ದವು. ಮನೆಮಾತು ಜರ್ಮನ್ ಅಥವಾ ಚೆಕ್, ಉಡುಪು ಎಲ್ಲರಂತೆ, ಉದ್ಯೋಗ ವೈದ್ಯರದೋ ವಕೀಲರದೋ ಅಧಿಕಾರಿಗಳದೋ ಆಗಿತ್ತು. ಯಹೂದಿಗಳ ಪ್ರಾರ್ಥನಾಮಂದಿರವಾದ ಸಿನಗಾಗಿಗೆ ವರ್ಷಕ್ಕೆ ಒಂದೆರಡು ಸಲ ಹೋಗುವವರೂ ಇದ್ದರು, ಹೋಗದವರೂ ಇದ್ದರು, ಡಿಸೆಂಬರಿನಲ್ಲಿ ಕ್ರಿಸ್‌ಮಸ್ ಮರ ನಿಲ್ಲಿಸುವವರೂ ಇದ್ದರು. ಇಂಥ ಮನೆಯಲ್ಲಿ ಮಗುವಿನ ಕಣ್ಣಿಗೆ ಬೀಳುವಂಥ ಆಚರಣೆ ಮೊದಲೇ ಕಡಿಮೆ. ಹಾಗಾಗಿ ಮುಚ್ಚಿಡಲು ದೊಡ್ಡ ನಾಟಕವೇನೂ ಬೇಕಾಗಿರಲಿಲ್ಲ, ಒಂದೆರಡು ಪ್ರಶ್ನೆಗಳಿಗೆ ಉತ್ತರ ಕೊಡದಿದ್ದರೆ ಸಾಕಾಗುತ್ತಿತ್ತು.

ಆದರೆ ಮಗುವಿಗೆ ಏನೂ ತಿಳಿಯುತ್ತಿರಲಿಲ್ಲ ಎಂದಲ್ಲ. ಬೇರೆ ಮಕ್ಕಳಿಗೆ ರಜೆಯಲ್ಲಿ ಹೋಗಲು ಅಜ್ಜಿಯ ಮನೆ ಇದೆ, ತನಗೆ ಇಲ್ಲ. ಅಜ್ಜಿ ಎಲ್ಲಿ ಎಂದು ಕೇಳಿದರೆ "ಯುದ್ಧದಲ್ಲಿ ತೀರಿಕೊಂಡರು" ಎಂಬ ಒಂದೇ ವಾಕ್ಯ ಬರುತ್ತದೆ, ಆಮೇಲೆ ಅಮ್ಮನ ಮುಖ ಬದಲಾಗುತ್ತದೆ. ಯಾವ ವಿಷಯ ಎಂಬುದು ತಿಳಿಯದಿದ್ದರೂ ಕೇಳಬಾರದ ಒಂದು ವಿಷಯ ಈ ಮನೆಯಲ್ಲಿದೆ ಎಂಬುದು ಮಗುವಿಗೆ ಬಹಳ ಬೇಗ ತಿಳಿಯುತ್ತದೆ. ಇಂಥ ಮನೆಗಳಲ್ಲಿ ಬೆಳೆದವರು ಬರೆದುಕೊಂಡದ್ದನ್ನೆಲ್ಲ ಓದುವಾಗ ನನಗೆ ಎದ್ದು ಕಾಣುವುದು ಇದೇ.

ಟಾಮ್ ಸ್ಟಾಪಾರ್ಡ್ ಡಾರ್ಜಿಲಿಂಗ್‌ನಲ್ಲಿ ಓದಿದ್ದು ನಿಜವಾ? ಅವರು ಇಂಗ್ಲಿಷರಲ್ವಾ?

ಅವರು ಡಾರ್ಜಿಲಿಂಗಿನಲ್ಲಿ ಓದಿದ್ದು ನಿಜ, ಆದರೆ ಹುಟ್ಟಿನಿಂದ ಅವರು ಇಂಗ್ಲಿಷರಲ್ಲ. ಟಾಮ್ ಸ್ಟಾಪಾರ್ಡ್ 1937ರಲ್ಲಿ ಚೆಕೊಸ್ಲೊವಾಕಿಯಾದ ಜ್ಲೀನ್ ಪಟ್ಟಣದಲ್ಲಿ ಟೊಮಾಷ್ ಸ್ಟ್ರಾಯ್ಸ್‌ಲರ್ ಎಂಬ ಹೆಸರಿನಲ್ಲಿ ಹುಟ್ಟಿದರು. ಜ್ಲೀನ್ ಎಂದರೆ ಬಾಟಾ ಪಾದರಕ್ಷೆ ಕಂಪನಿಯ ಊರು. ನಮ್ಮ ಪೇಟೆಬೀದಿಗಳಲ್ಲಿ ಕೆಂಪು ಅಕ್ಷರದ ಫಲಕ ಹೊತ್ತು ನಿಂತಿರುವ ಅದೇ ಬಾಟಾ. ಅವರ ತಂದೆ ಆ ಕಂಪನಿಯ ಆಸ್ಪತ್ರೆಯಲ್ಲಿ ವೈದ್ಯರಾಗಿದ್ದರು. 1939ರ ಮಾರ್ಚ್‌ನಲ್ಲಿ ಜರ್ಮನ್ ಸೇನೆ ದೇಶದೊಳಗೆ ಬಂದಾಗ, ಕಂಪನಿಯು ತನ್ನ ಯಹೂದಿ ನೌಕರರಲ್ಲಿ ಹಲವರನ್ನು ಹೊರದೇಶದ ಶಾಖೆಗಳಿಗೆ ವರ್ಗ ಮಾಡಿ ಪಾರುಮಾಡಿತು. ಸ್ಟ್ರಾಯ್ಸ್‌ಲರ್ ದಂಪತಿ ಇಬ್ಬರು ಗಂಡುಮಕ್ಕಳೊಂದಿಗೆ ಸಿಂಗಪುರಕ್ಕೆ ಹೋದದ್ದು ಹೀಗೆ.

ಮೂರು ವರ್ಷ ಕಳೆಯುವುದರೊಳಗೆ ಜಪಾನಿನ ಸೇನೆ ಅಲ್ಲಿಗೂ ಬಂತು. ತಾಯಿ ಮಕ್ಕಳನ್ನು ಕರೆದುಕೊಂಡು ಹಡಗು ಹತ್ತಿ ಭಾರತಕ್ಕೆ ಬಂದರು. ಸಿಂಗಪುರದಲ್ಲೇ ಉಳಿದ ತಂದೆ 1942ರಲ್ಲಿ ಅಲ್ಲಿಂದ ಹೊರಡುವ ಪ್ರಯತ್ನದಲ್ಲಿ, ಹಡಗಿನ ಮೇಲೆ ಬಾಂಬು ಬಿದ್ದು ತೀರಿಕೊಂಡರು. ಡಾರ್ಜಿಲಿಂಗಿನಲ್ಲಿ ತಾಯಿ ಬಾಟಾ ಅಂಗಡಿಯ ವ್ಯವಸ್ಥಾಪಕಿಯಾದರು, ಮಕ್ಕಳು ಮೌಂಟ್ ಹರ್ಮನ್ ಶಾಲೆಗೆ ಸೇರಿದರು. ಟೊಮಾಷ್ ಟಾಮ್ ಆದ, ಅಣ್ಣ ಪೆಟ್ರ್ ಪೀಟರ್ ಆದ. ತಾಯಿ ಕೆನೆತ್ ಸ್ಟಾಪಾರ್ಡ್ ಎಂಬ ಬ್ರಿಟಿಷ್ ಸೇನಾಧಿಕಾರಿಯನ್ನು ಮದುವೆಯಾದರು. 1946ರಲ್ಲಿ ಇಂಗ್ಲೆಂಡಿಗೆ ಹೋಗಿ ನೆಲೆಸುವ ಹೊತ್ತಿಗೆ ಹುಡುಗನಿಗೆ ಹೊಸ ಅಡ್ಡಹೆಸರು, ಹೊಸ ಭಾಷೆ, ಹೊಸ ದೇಶ ಎಲ್ಲವೂ ಆಗಿದ್ದವು. ಆಗ ಅವನಿಗೆ ಒಂಬತ್ತು ವರ್ಷ ತುಂಬುತ್ತಿತ್ತು. ಅಜ್ಜ ಅಜ್ಜಿಯರು ನಾಲ್ವರೂ ಯಹೂದಿಗಳು, ನಾಲ್ವರೂ ನಾಜಿಗಳ ಕೈಯಲ್ಲಿ ಸತ್ತವರು ಎಂಬುದು ಅವರಿಗೆ ಖಚಿತವಾಗಿ ತಿಳಿದದ್ದು ಐವತ್ತು ದಾಟಿದ ಮೇಲೆ. ತಾಯಿಯ ಅಕ್ಕನ ಮೊಮ್ಮಗಳೊಬ್ಬಳು 1990ರ ದಶಕದಲ್ಲಿ ಲಂಡನ್ನಿಗೆ ಬಂದು ಹಾಳೆಯೊಂದರ ಮೇಲೆ ವಂಶವೃಕ್ಷ ಬರೆದು ತೋರಿಸಿದಾಗ ಅದು ಹೊರಬಂತು. ತಾಯಿಯ ಅಕ್ಕತಂಗಿಯರಲ್ಲಿ ಮೂವರು ಶಿಬಿರಗಳಲ್ಲಿ ಸತ್ತಿದ್ದರೆಂಬುದೂ ಆಗಲೇ ಗೊತ್ತಾಯಿತು.

ಅವರ ತಾಯಿ ಬದುಕಿದ್ದಾಗ ಯಾಕೆ ಹೇಳಲಿಲ್ಲ?

ಪೂರ್ತಿ ಸುಳ್ಳನ್ನೂ ಆಕೆ ಹೇಳಿರಲಿಲ್ಲ. ಆ ಕಾಲದಲ್ಲಿ ಒಬ್ಬ ಅಜ್ಜನೋ ಅಜ್ಜಿಯೋ ಯಹೂದಿಯಾಗಿದ್ದರೂ ಅಪಾಯವಿತ್ತು ಎಂಬಷ್ಟನ್ನು ಮಾತ್ರ ಹೇಳಿ, ಮಕ್ಕಳು ತಮ್ಮದೂ ಅಷ್ಟೇ ದೂರದ ನಂಟು ಎಂದುಕೊಳ್ಳುವುದಕ್ಕೆ ಬಿಟ್ಟಿದ್ದರು. ಅವರು ಗಂಡನನ್ನು, ತಂದೆತಾಯಿಯನ್ನು, ಅಕ್ಕತಂಗಿಯರನ್ನು ಕಳೆದುಕೊಂಡ ಹೆಣ್ಣುಮಗಳು. ಕೈಯಲ್ಲಿ ಉಳಿದದ್ದು ಇಬ್ಬರು ಮಕ್ಕಳು, ಅವರಿಗೆ ಸಿಕ್ಕಿದ್ದು ಒಂದು ಸುರಕ್ಷಿತ ದೇಶ. ಹಿಂದಿನದನ್ನು ಹೊತ್ತು ತಂದರೆ ಆ ಸುರಕ್ಷತೆಗೆ ಧಕ್ಕೆ ಬರುತ್ತದೆ ಎಂದು ಅವರು ಭಾವಿಸಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ.

ಮನೆಯ ವಾತಾವರಣವೂ ಕಾರಣವಾಗಿತ್ತು. ಮಲತಂದೆಗೆ ತಾನು ಈ ಹುಡುಗನನ್ನು ಬ್ರಿಟಿಷನನ್ನಾಗಿ ಮಾಡಿದೆ ಎಂಬ ಹೆಮ್ಮೆಯಿತ್ತು, ಹೊರಗಿನವರ ಬಗ್ಗೆ, ಯಹೂದಿಗಳ ಬಗ್ಗೆ ಅಸಹನೆಯೂ ಇತ್ತು. 1996ರಲ್ಲಿ ತಾಯಿ ತೀರಿಕೊಂಡ ಬಳಿಕ, ಸೋವಿಯತ್ ಯಹೂದಿಗಳ ಪರವಾಗಿ ದನಿಯೆತ್ತಿದ್ದ ಟಾಮ್‌ಗೆ ಸ್ಟಾಪಾರ್ಡ್ ಎಂಬ ತನ್ನ ಹೆಸರನ್ನು ಬಳಸುವುದನ್ನು ನಿಲ್ಲಿಸಬೇಕೆಂದು ಮಲತಂದೆ ಪತ್ರ ಬರೆದರು. ಅಂಥ ಮನೆಯಲ್ಲಿ ಆ ತಾಯಿ ಅಷ್ಟು ವರ್ಷ ಬಾಯಿ ಬಿಡದೆ ಬದುಕಿದ್ದರ ಭಾರವನ್ನು ಓದುಗರು ತಾವೇ ತೂಗಿಕೊಳ್ಳಬೇಕು.

ಚರ್ಚಿನಲ್ಲಿ ದೀಕ್ಷೆ ತಗೊಂಡ ಯಹೂದಿಗಳು ಕ್ರೈಸ್ತರೇ ಅಲ್ವಾ? ಮತ್ತೆ ಯಹೂದಿ ಅಂತ ಯಾಕೆ ಹಿಡಿದುಕೊಂಡು ಹೋದರು?

ನಾಜಿ ಸರ್ಕಾರ ವ್ಯಕ್ತಿಯ ನಂಬಿಕೆಯನ್ನು ಕೇಳಲಿಲ್ಲ, ಅಜ್ಜ ಅಜ್ಜಿಯರನ್ನು ಎಣಿಸಿತು. 1935ರ ನ್ಯೂರೆಂಬರ್ಗ್ ಕಾನೂನುಗಳು ಮತ್ತು ಅದೇ ವರ್ಷ ನವೆಂಬರಿನಲ್ಲಿ ಹೊರಟ ನಿಯಮಗಳ ಪ್ರಕಾರ, ನಾಲ್ವರಲ್ಲಿ ಮೂವರು ಅಥವಾ ನಾಲ್ವರೂ ಯಹೂದಿಗಳಾಗಿದ್ದರೆ ಆ ವ್ಯಕ್ತಿ ಚರ್ಚಿನಲ್ಲೇ ಬೆಳೆದಿದ್ದರೂ ಯಹೂದಿ. 1938ರಿಂದ ಜರ್ಮನಿಯ ಯಹೂದಿಗಳ ಪಾಸ್‌ಪೋರ್ಟಿನ ಮೇಲೆ ಕೆಂಪು ಅಕ್ಷರದ ಗುರುತು ಒತ್ತಲಾಯಿತು. 1939ರ ಜನವರಿಯಿಂದ, ಸರ್ಕಾರದ ಪಟ್ಟಿಯಲ್ಲಿಲ್ಲದ ಹೆಸರಿನ ಯಹೂದಿ ಗಂಡಸರು ಇಸ್ರೇಲ್ ಎಂಬ, ಹೆಂಗಸರು ಸಾರಾ ಎಂಬ ಹೆಚ್ಚುವರಿ ಹೆಸರನ್ನು ಕಡ್ಡಾಯವಾಗಿ ಸೇರಿಸಿಕೊಳ್ಳಬೇಕಾಯಿತು. ಯಹೂದಿಗಳ ಧಾರ್ಮಿಕ ಸಂಪ್ರದಾಯದ ಲೆಕ್ಕ ಬೇರೆ: ಅಲ್ಲಿ ಯಹೂದಿ ತಾಯಿಗೆ ಹುಟ್ಟಿದ ಮಗು ಯಹೂದಿ. ಈ ಎರಡು ಲೆಕ್ಕಗಳ ನಡುವೆ, ತನ್ನನ್ನು ತಾನು ಕ್ಯಾಥೊಲಿಕ್ ಎಂದೇ ತಿಳಿದು ಬೆಳೆದ ಮಗುವಿನ ತಿಳಿವಳಿಕೆಗೆ ಎಲ್ಲಿಯೂ ಜಾಗವಿರಲಿಲ್ಲ.

ಆನ್ ಫ್ರಾಂಕ್ ಕಥೆಯೂ ಇದೇ ತಾನೇ?

ಅಲ್ಲ. ಆನ್ ಫ್ರಾಂಕ್ 1942ರ ಜುಲೈಯಿಂದ 1944ರ ಆಗಸ್ಟ್‌ವರೆಗೆ ಆಮ್‌ಸ್ಟರ್‌ಡ್ಯಾಮಿನ ಕಟ್ಟಡವೊಂದರ ಹಿಂಭಾಗದಲ್ಲಿ ಮನೆಯವರೊಂದಿಗೆ ಅಡಗಿದ್ದಳು. ದೇಹ ಅಡಗಿತ್ತು, ತಾನು ಯಾರೆಂಬುದು ಅವಳಿಗೆ ಸ್ಪಷ್ಟವಾಗಿ ತಿಳಿದಿತ್ತು. ಇಲ್ಲಿ ಹೇಳುತ್ತಿರುವ ಮಕ್ಕಳು ಹಗಲುಬೆಳಕಿನಲ್ಲಿ ಶಾಲೆಗೆ, ಚರ್ಚಿಗೆ, ಆಟಕ್ಕೆ ಹೋದವರು. ಅಡಗಿದ್ದುದು ಅವರ ಹೆಸರು ಮತ್ತು ಹುಟ್ಟು.

## ಮಗುವಿನ ಕಡೆಯಿಂದ ನೋಡಿದಾಗ

ನಾಲ್ಕೈದು ವರ್ಷದ ಮಗು ಸುಳ್ಳು ಹೆಸರನ್ನ ಹೇಗೆ ನಿಭಾಯಿಸುತ್ತೆ? ಬಾಯಿ ತಪ್ಪಿ ಹೇಳಿಬಿಡಲ್ವಾ?

ಆ ಭಯ ಎಲ್ಲರಿಗೂ ಇತ್ತು. ಪೋಲೆಂಡಿನಲ್ಲಿ, ಫ್ರಾನ್ಸಿನಲ್ಲಿ, ಬೆಲ್ಜಿಯಮ್ಮಿನಲ್ಲಿ ಮಕ್ಕಳನ್ನು ಕಾನ್ವೆಂಟಿಗೋ ರೈತನ ಮನೆಗೋ ಕಳಿಸುವ ಮುನ್ನ ಹೊಸ ಹೆಸರು, ಹುಟ್ಟಿದ ಊರು, ತಂದೆತಾಯಿಯ ಹೆಸರುಗಳನ್ನು ಬಾಯಿಪಾಠ ಮಾಡಿಸುತ್ತಿದ್ದರು. ಶಿಲುಬೆಯ ಗುರುತು ಹಾಕಿಕೊಳ್ಳುವ ಕ್ರಮ, ಊಟಕ್ಕೆ ಮುಂಚಿನ ಪ್ರಾರ್ಥನೆ, ಚರ್ಚಿನಲ್ಲಿ ಯಾವಾಗ ಮಂಡಿಯೂರಬೇಕು ಎಂಬುದನ್ನು ಕಲಿಸುತ್ತಿದ್ದರು. ನಿದ್ದೆಯಲ್ಲಿ ಹಳೆಯ ಹೆಸರನ್ನೋ ಮನೆಮಾತಿನ ಪದವನ್ನೋ ಕನವರಿಸಿದರೂ ಆಶ್ರಯ ಕೊಟ್ಟ ಇಡೀ ಮನೆಯ ಪ್ರಾಣಕ್ಕೆ ಕುತ್ತು, ಏಕೆಂದರೆ ನಾಜಿ ಹಿಡಿತದ ಪೋಲೆಂಡಿನಲ್ಲಿ ಯಹೂದಿಗಳಿಗೆ ಆಶ್ರಯ ಕೊಟ್ಟವರಿಗೂ ಮರಣದಂಡನೆಯಿತ್ತು.

ದೊಡ್ಡವರಿಗೆ ಇದು ವೇಷ, ತೀರಾ ಚಿಕ್ಕ ಮಗುವಿಗೆ ಅದೇ ಬದುಕು. ಕೆಲವು ತಿಂಗಳಲ್ಲೇ ಮಗು ಹೊಸ ಹೆಸರಿಗೆ ತಿರುಗಿ ನೋಡಲು ಕಲಿಯುತ್ತದೆ, ಮನೆಮಾತನ್ನು ಮರೆಯುತ್ತದೆ, ಸಾಕುತ್ತಿರುವ ಹೆಂಗಸನ್ನು ಅಮ್ಮ ಎನ್ನುತ್ತದೆ. ಎಷ್ಟೋ ಮಕ್ಕಳು ಮನಸಾರೆ ಭಕ್ತರಾದರು, ಚರ್ಚಿನ ಹಾಡು ಮತ್ತು ದೀಪದ ಬೆಳಕಿನಲ್ಲಿ ಸಮಾಧಾನ ಕಂಡರು. ಅದನ್ನು ಬಲವಂತದ ಫಲ ಎಂದು ತಳ್ಳಿಹಾಕುವುದು ಆ ಮಗುವಿಗೆ ಮಾಡುವ ಅನ್ಯಾಯ ಎಂದು ನನಗನ್ನಿಸುತ್ತದೆ. ಆ ನೆಮ್ಮದಿ ನಿಜವಾಗಿತ್ತು.

ಗಂಡುಮಕ್ಕಳನ್ನ ಉಳಿಸೋದು ಹೆಚ್ಚು ಕಷ್ಟ ಆಗಿತ್ತು ಅಂತಾರೆ, ಯಾಕೆ?

ಯಹೂದಿ ಗಂಡುಮಗುವಿಗೆ ಹುಟ್ಟಿದ ಎಂಟನೆಯ ದಿನ ಸುನ್ನತಿ ಮಾಡುತ್ತಾರೆ. ಆಗಿನ ಯೂರೋಪಿನ ಕ್ರೈಸ್ತರಲ್ಲಿ ಆ ಪದ್ಧತಿ ಇರಲಿಲ್ಲ. ಕಾಗದಪತ್ರ ಎಷ್ಟೇ ಸರಿಯಿದ್ದರೂ ಬಟ್ಟೆ ಬಿಚ್ಚಿಸಿ ನೋಡಿದರೆ ಗುಟ್ಟು ರಟ್ಟಾಗುತ್ತಿತ್ತು. ಸ್ನಾನಕ್ಕೆ, ಈಜಿಗೆ, ವೈದ್ಯರ ತಪಾಸಣೆಗೆ ಬೇರೆ ಹುಡುಗರೊಂದಿಗೆ ಹೋಗಬಾರದು ಎಂದು ಕಲಿಸಿದ ಹುಡುಗನಿಗೆ ಕಾರಣವನ್ನು ಹೇಳುತ್ತಿರಲಿಲ್ಲ. ತನ್ನ ದೇಹದಲ್ಲೇ ಏನೋ ದೋಷವಿದೆ ಎಂದು ತಿಳಿದು ಬೆಳೆದವರಿದ್ದಾರೆ.

ಒಬ್ಬ ಹುಡುಗನಿಗೆ ಸತ್ಯ ಗೊತ್ತಾದ ಗಳಿಗೆ ಹೇಗಿತ್ತು ಅಂತ ಯಾರಾದರೂ ಬರೆದಿದ್ದಾರಾ?

ಸಾಲ್ ಫ್ರೀಡ್‌ಲ್ಯಾಂಡರ್ ಬರೆದಿದ್ದಾರೆ. 1932ರಲ್ಲಿ ಪ್ರಾಗ್‌ನಲ್ಲಿ ಹುಟ್ಟಿದ ಅವರು ತಂದೆತಾಯಿಯೊಂದಿಗೆ ಫ್ರಾನ್ಸಿಗೆ ಓಡಿಬಂದಿದ್ದರು. 1942ರಲ್ಲಿ ಹಿಡಿದೊಯ್ಯುವಿಕೆ ಬಿರುಸಾದಾಗ ಹತ್ತು ವರ್ಷದ ಹುಡುಗನನ್ನು ಮಾಂಟ್ಲುಸಾನ್ ಎಂಬ ಊರಿನ ಕ್ಯಾಥೊಲಿಕ್ ವಸತಿಶಾಲೆಗೆ ಸೇರಿಸಿದರು. ಹೊಸ ಹೆಸರು ಪಾಲ್-ಹೆನ್ರಿ ಫೆರ್ಲಾಂಡ್. ಹುಡುಗ ಅಲ್ಲಿಂದ ತಪ್ಪಿಸಿಕೊಂಡು, ತಂದೆಯನ್ನು ಇರಿಸಿದ್ದ ಆಸ್ಪತ್ರೆಗೆ ಓಡಿಹೋಗಿ ಮಂಚದ ಸರಳುಗಳನ್ನು ಗಟ್ಟಿಯಾಗಿ ಹಿಡಿದುಕೊಂಡ. ತಂದೆತಾಯಿ ಆ ಬೆರಳುಗಳನ್ನು ಬಿಡಿಸಿ ವಾಪಸು ಕಳಿಸಬೇಕಾಯಿತು. ಅವರು ಅಷ್ಟು ಗಟ್ಟಿ ಮನಸ್ಸು ಮಾಡಿದ್ದಾದರೂ ಹೇಗೆ ಎಂದು ಮಗ ದಶಕಗಳ ನಂತರವೂ ಕೇಳಿಕೊಂಡಿದ್ದಾರೆ.

ಆಮೇಲೆ ಇಬ್ಬರೂ ಸ್ವಿಟ್ಜರ್ಲೆಂಡಿನ ಗಡಿ ದಾಟಲು ಹೋದರು. ಆ ದಿನಗಳಲ್ಲಿ ಸ್ವಿಸ್ ಅಧಿಕಾರಿಗಳು ಚಿಕ್ಕ ಮಕ್ಕಳಿರುವ ದಂಪತಿಗಳನ್ನು ಒಳಗೆ ಬಿಟ್ಟು ಉಳಿದವರನ್ನು ಹಿಂದಕ್ಕೆ ಅಟ್ಟುತ್ತಿದ್ದರು. ಮಗನನ್ನು ಕಾಪಾಡಲೆಂದು ಬಿಟ್ಟುಬಂದದ್ದೇ ಅವರಿಗೆ ಮುಳುವಾಯಿತು. ಅವರನ್ನು ಫ್ರಾನ್ಸಿನ ಪೊಲೀಸರಿಗೆ ಒಪ್ಪಿಸಲಾಯಿತು, ಅಲ್ಲಿಂದ ನಾಜಿಗಳ ಸಾವಿನ ಶಿಬಿರವಾದ ಆಷ್ವಿಟ್ಜ್‌ಗೆ ಸಾಗಿಸಲಾಯಿತು.

ಶಾಲೆಯಲ್ಲಿ ಉಳಿದ ಹುಡುಗ ಪಾದ್ರಿಯಾಗಬೇಕೆಂದು ನಿಶ್ಚಯಿಸಿಕೊಂಡಿದ್ದ. ಯುದ್ಧ ಮುಗಿದ ಮರುವರ್ಷ ಜೆಸ್ಯೂಟ್ ಪಾದ್ರಿಯೊಬ್ಬರು ಅವನನ್ನು ಕೂರಿಸಿಕೊಂಡು ಆಷ್ವಿಟ್ಜ್ ಎಂದರೇನು, ಅವನ ತಂದೆತಾಯಿಗೆ ಆದದ್ದೇನು ಎಂಬುದನ್ನು ನೇರವಾಗಿ ಹೇಳಿದರು. ಹುಡುಗನನ್ನು ತಮ್ಮ ಮಠಕ್ಕೆ ಉಳಿಸಿಕೊಳ್ಳುವ ಅವಕಾಶ ಇದ್ದಾಗಲೂ ಅವನ ಮೂಲವನ್ನು ಅವನಿಗೆ ಹಿಂದಿರುಗಿಸಿದ ಆ ಪಾದ್ರಿಯ ಬಗ್ಗೆ ನನಗೆ ಅಪಾರ ಗೌರವ. ಫ್ರೀಡ್‌ಲ್ಯಾಂಡರ್ 1948ರಲ್ಲಿ ಇಸ್ರೇಲಿಗೆ ಹೋದರು, ಮುಂದೆ ಯಹೂದಿ ನರಮೇಧದ ಪ್ರಮುಖ ಇತಿಹಾಸಕಾರರಾದರು, 2008ರಲ್ಲಿ ಪುಲಿಟ್ಜರ್ ಪ್ರಶಸ್ತಿ ಪಡೆದರು.

ಯುದ್ಧ ಮುಗಿದ ಮೇಲೆ ಸಾಕಿದವರು ಮಕ್ಕಳನ್ನ ವಾಪಸ್ ಕೊಟ್ರಾ?

ಹೆಚ್ಚಿನವರು ಕೊಟ್ಟರು, ಕೊಡದವರೂ ಇದ್ದರು, ಕೊಡಲು ಯಾರೂ ಉಳಿದಿರದ ಮಕ್ಕಳೂ ಬಹಳ. ಯಹೂದಿಗಳನ್ನು ಕೂಡಿಹಾಕಿದ್ದ ಬೇಲಿಯೊಳಗಿನ ಕೇರಿಯಾದ ವಾರ್ಸಾ ಘೆಟ್ಟೊದಿಂದ ಮಕ್ಕಳನ್ನು ಹೊರಗೆ ಸಾಗಿಸಿದ ಇರೇನಾ ಸೆಂಡ್ಲರ್ ಮತ್ತು ಅವರ ಜೊತೆಗಾರರು ಪ್ರತಿ ಮಗುವಿನ ನಿಜವಾದ ಹೆಸರು ಮತ್ತು ಹೊಸ ಹೆಸರನ್ನು ತೆಳುಕಾಗದದ ಚೀಟಿಗಳ ಮೇಲೆ ಬರೆದು, ಗಾಜಿನ ಜಾಡಿಯಲ್ಲಿ ಹಾಕಿ ನೆಲದಲ್ಲಿ ಹೂತಿಟ್ಟಿದ್ದರು. ಮಗುವನ್ನು ಉಳಿಸಿದರೆ ಸಾಲದು, ಅದರ ಹೆಸರೂ ಉಳಿಯಬೇಕು ಎಂಬ ತಿಳಿವು ಅಂಥ ಕಾಲದಲ್ಲೂ ಅವರಿಗಿತ್ತು. ಆದರೆ ಜಾಡಿ ತೆಗೆದಾಗ ಆ ಮಕ್ಕಳಲ್ಲಿ ಬಹುಪಾಲಿನವರ ತಂದೆತಾಯಿ ಟ್ರೆಬ್ಲಿಂಕಾ ಸಾವಿನ ಶಿಬಿರದಲ್ಲಿ ಸತ್ತಿದ್ದರು.

ಫ್ರಾನ್ಸಿನಲ್ಲಿ ರಾಬರ್ಟ್ ಮತ್ತು ಜೆರಾಲ್ಡ್ ಫಿನಾಲಿ ಎಂಬ ಅಣ್ಣತಮ್ಮಂದಿರ ಪ್ರಕರಣ ಇಡೀ ದೇಶವನ್ನು ಅಲುಗಾಡಿಸಿತು. ಇಬ್ಬರ ತಂದೆತಾಯಿಯನ್ನು 1944ರಲ್ಲಿ ಸಾವಿನ ಶಿಬಿರಕ್ಕೆ ಸಾಗಿಸಲಾಗಿತ್ತು. ಗ್ರೆನೋಬಲ್ ನಗರದ ಶಿಶುವಿಹಾರದ ಮುಖ್ಯಸ್ಥೆ ಮಕ್ಕಳನ್ನು ಕಾಪಾಡಿದರು, ಆದರೆ ಯುದ್ಧಾನಂತರ ಸೋದರತ್ತೆಯರು ಕೇಳಿದಾಗ ಕೊಡಲು ಒಪ್ಪದೆ 1948ರಲ್ಲಿ ಕ್ಯಾಥೊಲಿಕ್ ದೀಕ್ಷೆ ಕೊಡಿಸಿದರು. ನ್ಯಾಯಾಲಯದ ಆದೇಶ ಬಂದಾಗ ಹುಡುಗರನ್ನು ಪರ್ವತ ದಾಟಿಸಿ ಸ್ಪೇನಿನಲ್ಲಿ ಅಡಗಿಸಲಾಯಿತು. 1953ರಲ್ಲಿ ಅವರು ಕೊನೆಗೂ ಮರಳಿ, ಬಂಧುಗಳೊಂದಿಗೆ ಇಸ್ರೇಲಿಗೆ ಹೋದರು. ನಾಜಿಗಳಿಂದ ಅಡಗಿಸಲಾಗಿದ್ದ ಮಕ್ಕಳನ್ನು ಶಾಂತಿಕಾಲದಲ್ಲಿ ಅವರ ರಕ್ತಸಂಬಂಧಿಗಳಿಂದ ಅಡಗಿಸಿದ್ದನ್ನು ಪ್ರೀತಿ ಎಂಬ ಕಾರಣಕ್ಕೆ ನಾನು ಒಪ್ಪಲಾರೆ.

ಯುದ್ಧ ಮುಗಿದ ಮೇಲಾದರೂ ಮನೆಯಲ್ಲಿ ಹೇಳಬಹುದಿತ್ತಲ್ಲ? ಆಮೇಲೆ ಯಾರ ಭಯ?

ಭಯ ಮುಗಿದಿರಲಿಲ್ಲ. 1946ರ ಜುಲೈ 4ರಂದು ಪೋಲೆಂಡಿನ ಕೀಲ್ಸೆ ಪಟ್ಟಣದಲ್ಲಿ, ಶಿಬಿರಗಳಿಂದ ಬದುಕಿ ಮರಳಿದ್ದವರೂ ಸೇರಿದಂತೆ 42 ಯಹೂದಿಗಳನ್ನು ಗುಂಪೊಂದು ಕೊಂದಿತು. ಮನೆಯಿಂದ ಹೇಳದೆ ಹೋಗಿ ಮರಳಿದ್ದ ಬಾಲಕನೊಬ್ಬ, ಯಹೂದಿಗಳು ತನ್ನನ್ನು ನೆಲಮಾಳಿಗೆಯಲ್ಲಿ ಕೂಡಿಹಾಕಿದ್ದರು ಎಂದದ್ದು ಅದಕ್ಕೆ ನೆಪ. ಅವನು ತೋರಿಸಿದ ಕಟ್ಟಡಕ್ಕೆ ನೆಲಮಾಳಿಗೆಯೇ ಇರಲಿಲ್ಲ. 1952ರಲ್ಲಿ ಪ್ರಾಗ್‌ನಲ್ಲಿ ಕಮ್ಯುನಿಸ್ಟ್ ಸರ್ಕಾರ ತನ್ನದೇ ನಾಯಕರ ಮೇಲೆ ದ್ರೋಹದ ಆರೋಪ ಹೊರಿಸಿ ನಡೆಸಿದ ಸ್ಲಾನ್ಸ್ಕಿ ವಿಚಾರಣೆಯಲ್ಲಿ 14 ಆರೋಪಿಗಳ ಪೈಕಿ 11 ಮಂದಿ ಯಹೂದಿ ಮೂಲದವರು, ಮತ್ತು ಆರೋಪಪಟ್ಟಿಯಲ್ಲೇ ಅವರ ಮೂಲವನ್ನು ಎತ್ತಿ ಹೇಳಲಾಗಿತ್ತು. 1968ರ ಯಹೂದಿ ವಿರೋಧಿ ಅಭಿಯಾನದ ನಂತರ ಪೋಲೆಂಡಿನಿಂದ 13 ಸಾವಿರಕ್ಕೂ ಹೆಚ್ಚು ಜನ ದೇಶ ಬಿಟ್ಟರು. ಅವರಲ್ಲಿ ಕೆಲವು ಯುವಕರಿಗೆ ತಾವು ಯಹೂದಿಗಳೆಂದು ಗೊತ್ತಾದದ್ದೇ ಆ ಅಭಿಯಾನದಿಂದ. ಮಕ್ಕಳಿಗೆ ಹೇಳದಿರಲು 1945ರ ನಂತರವೂ ತಂದೆತಾಯಿಗೆ ಕಾರಣಗಳು ಸಿಗುತ್ತಲೇ ಇದ್ದವು.

## ಇನ್ನಷ್ಟು ಆಳಕ್ಕೆ

ಅಮೆರಿಕದ ವಿದೇಶಾಂಗ ಮಂತ್ರಿಗೇ ತಮ್ಮ ಮೂಲ ಗೊತ್ತಿರಲಿಲ್ಲ ಅಂದರೆ ನಂಬೋಕಾಗುತ್ತಾ?

ಈ ಅನುಮಾನ ಆಗಲೇ ಬಹಳ ಜನರಿಗಿತ್ತು. ಮೆಡಲಿನ್ ಆಲ್‌ಬ್ರೈಟ್ 1937ರಲ್ಲಿ ಪ್ರಾಗ್‌ನಲ್ಲಿ ಮಾರಿ ಯಾನಾ ಕೊರ್ಬೆಲ್ ಆಗಿ ಹುಟ್ಟಿದರು. ತಂದೆ ಜೋಸೆಫ್ ಕೊರ್ಬೆಲ್ ರಾಜತಾಂತ್ರಿಕರು, 1948ರಲ್ಲಿ ಕಾಶ್ಮೀರದ ವಿಷಯಕ್ಕೆಂದು ವಿಶ್ವಸಂಸ್ಥೆ ನೇಮಿಸಿದ ಆಯೋಗದ ಸದಸ್ಯರಾಗಿ ನಮ್ಮ ದೇಶಕ್ಕೂ ಬಂದವರು. ಕುಟುಂಬ 1939ರಲ್ಲಿ ಲಂಡನ್ನಿಗೆ ಪಾರಾಯಿತು, 1941ರಲ್ಲಿ ಕ್ಯಾಥೊಲಿಕ್ ಪಂಥಕ್ಕೆ ಸೇರಿತು. ಆಗ ಮಗುವಿಗೆ ನಾಲ್ಕು ವರ್ಷ. 1997ರ ಆರಂಭದಲ್ಲಿ ಅವರು ಸಚಿವೆಯಾದ ಬೆನ್ನಲ್ಲೇ ವಾಷಿಂಗ್ಟನ್ ಪೋಸ್ಟ್ ಪತ್ರಿಕೆಯ ವರದಿಗಾರ ಮೈಕೆಲ್ ಡಾಬ್ಸ್ ದಾಖಲೆಗಳನ್ನು ಹುಡುಕಿ, ಕುಟುಂಬ ಯಹೂದಿ ಮೂಲದ್ದೆಂದೂ ಅಜ್ಜ ಅಜ್ಜಿಯರಲ್ಲಿ ಮೂವರು ನರಮೇಧದಲ್ಲಿ ಸತ್ತರೆಂದೂ ಬರೆದರು. ಕೇಳೋಣವೆಂದರೆ ತಂದೆಯೂ ಇರಲಿಲ್ಲ, ತಾಯಿಯೂ ಇರಲಿಲ್ಲ.

ತಮಗೆ ಗೊತ್ತಿರಲಿಲ್ಲ ಎಂಬ ಆಲ್‌ಬ್ರೈಟ್ ಅವರ ಮಾತನ್ನು ನಾನು ನಂಬುತ್ತೇನೆ. ತಾವು ಅತಿಯಾಗಿ ಪ್ರೀತಿಸುವ ತಂದೆತಾಯಿ ಹೇಳಿದ ಕಥೆಯನ್ನು ಬಗೆದು ನೋಡುವ ಮಕ್ಕಳು ಕಡಿಮೆ. 1996ರಲ್ಲಿ ಅವರು ಪ್ರಾಗ್‌ನ ಪಿಂಕಾಸ್ ಸಿನಗಾಗಿಗೆ ಹಿಲರಿ ಕ್ಲಿಂಟನ್ ಜೊತೆ ಹೋಗಿದ್ದರು. ಚೆಕ್ ನಾಡಿನ ಬೊಹೆಮಿಯಾ ಮತ್ತು ಮೊರಾವಿಯಾ ಪ್ರಾಂತ್ಯಗಳಲ್ಲಿ ಬಲಿಯಾದ 77 ಸಾವಿರಕ್ಕೂ ಹೆಚ್ಚು ಯಹೂದಿಗಳ ಹೆಸರುಗಳನ್ನು ಅಲ್ಲಿನ ಗೋಡೆಗಳ ಮೇಲೆ ಕೈಯಿಂದ ಬರೆಯಲಾಗಿದೆ. ಆ ಸಲ ಅವರು ತಮ್ಮವರ ಹೆಸರನ್ನು ಹುಡುಕಲಿಲ್ಲ, ಹುಡುಕಬೇಕೆಂದು ತಿಳಿದಿರಲಿಲ್ಲ. 1997ರ ಬೇಸಿಗೆಯಲ್ಲಿ ಮತ್ತೆ ಹೋದಾಗ ತಂದೆಯ ತಂದೆತಾಯಿಯ ಹೆಸರುಗಳು ಅದೇ ಗೋಡೆಯ ಮೇಲಿದ್ದವು.

ತಂದೆತಾಯಿ ಮಾಡಿದ್ದು ಸರಿಯಾ, ತಪ್ಪಾ?

ಅಪಾಯ ಕಣ್ಣೆದುರಿಗಿದ್ದಾಗ ಮುಚ್ಚಿಟ್ಟದ್ದು ಸರಿ, ಅದರಲ್ಲಿ ನನಗೆ ಸಂದೇಹವಿಲ್ಲ. ನರಮೇಧದಲ್ಲಿ ಸುಮಾರು 15 ಲಕ್ಷ ಯಹೂದಿ ಮಕ್ಕಳು ಸತ್ತರು ಎಂಬುದನ್ನು ನೆನೆದರೆ, ಒಂದು ಮಗುವನ್ನು ಉಳಿಸಿದ ಯಾವ ಸುಳ್ಳಿಗೂ ವಿವರಣೆ ಬೇಕಿಲ್ಲ. ಕಷ್ಟದ ಪ್ರಶ್ನೆ ಬರುವುದು ಮಗು ಇಪ್ಪತ್ತು, ಮೂವತ್ತು ದಾಟಿದ ಮೇಲೆ. ಆಗಲೂ ಹೇಳದಿದ್ದರೆ ಮಗು ಕಳೆದುಕೊಳ್ಳುವುದು ಒಂದು ಧರ್ಮವನ್ನು ಮಾತ್ರವಲ್ಲ, ಸತ್ತವರಿಗಾಗಿ ಅಳುವ ಹಕ್ಕನ್ನು. ಅಜ್ಜಿ ಹೇಗೆ ಸತ್ತಳು ಎಂದು ತಿಳಿಯದ ಮೊಮ್ಮಗನಿಗೆ ಅಜ್ಜಿ ಇದ್ದಳು ಎಂಬುದೇ ಸರಿಯಾಗಿ ತಿಳಿಯುವುದಿಲ್ಲ. ಹಾಗೆಂದು ಆ ತಾಯಂದಿರನ್ನು ದೂರುವ ಅಧಿಕಾರ ಹೊರಗಿನ ನಮಗೆ ಇದೆ ಎಂದು ನನಗೆ ಅನ್ನಿಸಿಲ್ಲ. ಹೇಳಬೇಕಾದರೆ ಅವರು ತಮ್ಮ ಅಕ್ಕತಂಗಿಯರ ಸಾವನ್ನು ಮತ್ತೊಮ್ಮೆ ಬಾಯಲ್ಲಿ ಆಡಬೇಕಿತ್ತು.

ನಮ್ಮಲ್ಲಿ ಜಾತಿ ಮುಚ್ಚಿಟ್ಟುಕೊಂಡು ಬದುಕ್ತಾರಲ್ಲ, ಇದೂ ಹಾಗೇನಾ?

ಈ ಪ್ರಶ್ನೆಯನ್ನು ಕೇಳುವವರು ಬಹಳ, ಕೇಳಲೇಬೇಕಾದ ಪ್ರಶ್ನೆಯೂ ಹೌದು. ಬಾಡಿಗೆ ಮನೆ ಹುಡುಕುವಾಗ "ನೀವು ಯಾವ ಜನ?" ಎಂಬ ಮಾತಿಗೆ ಹೆದರಿ ಊರಿನ ಹೆಸರನ್ನೋ ಅಡ್ಡಹೆಸರನ್ನೋ ಬದಲಿಸಿಕೊಂಡ ದಲಿತ ಕುಟುಂಬಗಳು ನಮ್ಮ ನಗರಗಳಲ್ಲಿವೆ. "ಯಾರಾದರೂ ಕೇಳಿದರೆ ಹೇಳಬೇಡ" ಎಂಬ ಪಾಠವನ್ನು ಅಲ್ಲಿಯೂ ಮಗುವೇ ಹೊರುತ್ತದೆ. ಈ ಮಟ್ಟಿಗೆ ಎರಡು ಬಾಲ್ಯಗಳೂ ಒಂದನ್ನೊಂದು ಗುರುತಿಸಬಲ್ಲವು.

ಭೇದವನ್ನೂ ಮರೆಯಬಾರದು. ನಮ್ಮಲ್ಲಿ ಮಗುವಿಗೆ ಮನೆಯೊಳಗೆ ಸಾಮಾನ್ಯವಾಗಿ ವಿಷಯ ಗೊತ್ತಿರುತ್ತದೆ, ಹೊರಗೆ ಹೇಳಬಾರದು ಅಷ್ಟೆ. ಜಾತಿ ಪ್ರಮಾಣಪತ್ರ ಶಾಲೆಯ ಕಡತದಲ್ಲಿರುತ್ತದೆ, ಅದರಿಂದ ವಿದ್ಯಾರ್ಥಿವೇತನವೋ ಸೀಟೋ ಸಿಗುವುದರಿಂದ ಅದು ಹಕ್ಕಿನ ಕಾಗದವೂ ಹೌದು. 1940ರ ದಶಕದ ಯೂರೋಪಿನಲ್ಲಿ ಮೂಲ ತೋರಿಸುವ ಕಾಗದ ಸಾವಿನ ಕಾಗದವಾಗಿತ್ತು. ಹಾಗಾಗಿ ಅದನ್ನು ಸುಟ್ಟರು, ಮಕ್ಕಳಿಗೂ ತೋರಿಸಲಿಲ್ಲ.

ಅಷ್ಟು ಚಿಕ್ಕ ವಯಸ್ಸಿನ ನೆನಪನ್ನ ಇತಿಹಾಸ ಅಂತ ನಂಬಬಹುದಾ?

ದಿನಾಂಕ, ಸ್ಥಳ, ಅನುಕ್ರಮಗಳಿಗೆ ದಾಖಲೆಯೇ ಬೇಕು. ಮಗುವಿನ ನೆನಪು ಅವನ್ನು ತಪ್ಪಾಗಿ ಜೋಡಿಸುತ್ತದೆ. ಆದರೆ ದಾಖಲೆಯಲ್ಲಿ ಇರಲಾರದ ಸಂಗತಿಗಳು ಅದರಲ್ಲಿರುತ್ತವೆ. ಆಲ್‌ಬ್ರೈಟ್ ಅವರಿಗೆ ಬಾಂಬ್ ದಾಳಿಯ ವೇಳೆ ತಾವು ಕೆಳಗೆ ಮಲಗುತ್ತಿದ್ದ ಉಕ್ಕಿನ ಮೇಜು ನೆನಪಿತ್ತು. ಸ್ಟಾಪಾರ್ಡ್ ಅವರಿಗೆ ತಂದೆ ಸತ್ತ ಸುದ್ದಿಯನ್ನು ಡಾರ್ಜಿಲಿಂಗಿನಲ್ಲಿ ಕೇಳಿದಾಗ ತಮಗೆ ಹೆಚ್ಚೇನೂ ಅನ್ನಿಸಲಿಲ್ಲ ಎಂಬುದು ನೆನಪಿತ್ತು. ಯಾವ ಸರ್ಕಾರಿ ಕಡತವೂ ಅದನ್ನು ಬರೆದಿಡುವುದಿಲ್ಲ. ತಂದೆಯ ಮುಖವೇ ನೆನಪಿಲ್ಲದ ಮಗು ದುಃಖವನ್ನು ಎಲ್ಲಿಂದ ತರಬೇಕು?

ಆ ದುಃಖ ಬಂದದ್ದು ಅರ್ಧ ಶತಮಾನದ ನಂತರ. ಜ್ಲೀನ್‌ಗೆ ಮರಳಿ ಹೋದಾಗ ಅವರಿಗೆ ವಯಸ್ಸಾದ ಹೆಂಗಸೊಬ್ಬರು ಸಿಕ್ಕರು. ಹುಡುಗಿಯಾಗಿದ್ದಾಗ ಗಾಜು ತಗುಲಿ ಅವರ ಕೈ ಕೊಯ್ದುಹೋಗಿತ್ತು, ಅದಕ್ಕೆ ಹೊಲಿಗೆ ಹಾಕಿದ್ದು ಡಾಕ್ಟರ್ ಸ್ಟ್ರಾಯ್ಸ್‌ಲರ್. ಗಾಯದ ಕಲೆ ಇನ್ನೂ ಇತ್ತು. ತಂದೆಯಿಂದ ಬಂದ ಒಂದು ವಸ್ತುವೂ ಇಲ್ಲದ ಮಗ ಆ ಕಲೆಯನ್ನು ಮುಟ್ಟಿದಾಗ ತನಗೇ ಅನಿರೀಕ್ಷಿತವಾಗಿ ದುಃಖ ಉಕ್ಕಿತೆಂದು ಬರೆದಿದ್ದಾರೆ. ಆ ಗಾಯದ ಸಂಗತಿಯನ್ನು 2020ರಲ್ಲಿ ಲಂಡನ್ನಿನಲ್ಲಿ ರಂಗವೇರಿದ ತಮ್ಮ ನಾಟಕಕ್ಕೂ ತಂದರು. ಫ್ರೀಡ್‌ಲ್ಯಾಂಡರ್ ಇತಿಹಾಸಕಾರರಾಗಿ ಮಾಡಿದ ಕೆಲಸದ ದಾರಿಯೂ ಇದೇ: ಆಡಳಿತದ ಆದೇಶಗಳ ಪಕ್ಕದಲ್ಲೇ ಬಲಿಯಾದವರ ದಿನಚರಿ, ಪತ್ರಗಳನ್ನು ಇಟ್ಟು ಬರೆದರು.

ಇಂಥ ಮಕ್ಕಳು ಒಬ್ಬರನ್ನೊಬ್ಬರು ಯಾವತ್ತಾದರೂ ಭೇಟಿ ಮಾಡಿದ್ರಾ?

1991ರ ಮೇ ತಿಂಗಳಲ್ಲಿ ನ್ಯೂಯಾರ್ಕಿನಲ್ಲಿ ಅಡಗಿ ಬೆಳೆದ ಮಕ್ಕಳ ಮೊದಲ ಅಂತರರಾಷ್ಟ್ರೀಯ ಸಮಾವೇಶ ನಡೆದಾಗ ಸುಮಾರು 1,600 ಜನ ಸೇರಿದರು. ಅಲ್ಲಿಯವರೆಗೆ ಅವರಲ್ಲಿ ಹಲವರು ತಮ್ಮನ್ನು ಬದುಕುಳಿದವರೆಂದೇ ಎಣಿಸಿರಲಿಲ್ಲ. ಶಿಬಿರಗಳಿಂದ ಬಂದ ಹಿರಿಯರು "ನೀವು ಮಕ್ಕಳು, ನಿಮಗೇನು ಗೊತ್ತಿತ್ತು" ಎನ್ನುತ್ತಿದ್ದುದರಿಂದ ಅವರು ಅಷ್ಟು ವರ್ಷ ಸುಮ್ಮನಿದ್ದರು.

ನಮ್ಮ ಕರ್ನಾಟಕಕ್ಕೆ ಇಂಥ ಕುಟುಂಬಗಳು ಬಂದಿದ್ದವಾ?

ನಾಜಿಗಳಿಂದ ಕೆಲಸ ಕಳೆದುಕೊಂಡವರು ಬಂದಿದ್ದರು, ಆದರೆ ಮೂಲ ಮುಚ್ಚಿಟ್ಟವರಾಗಿ ಅಲ್ಲ. ಗ್ಯೋಟಿಂಗೆನ್ ವಿಶ್ವವಿದ್ಯಾಲಯದ ಹುದ್ದೆ ಕಳೆದುಕೊಂಡ ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್, ಸಿ. ವಿ. ರಾಮನ್ ಅವರ ಆಹ್ವಾನದ ಮೇಲೆ 1935-36ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆಲವು ತಿಂಗಳು ಇದ್ದರು. ಅವರು 1914ರಲ್ಲೇ ಲೂಥರನ್ ಪಂಥದ ದೀಕ್ಷೆ ಪಡೆದಿದ್ದರೂ ನಾಜಿ ಕಾನೂನಿಗೆ ಯಹೂದಿಯಾಗಿಯೇ ಉಳಿದಿದ್ದರು. ಬರ್ಲಿನ್ನಿನ ವಾಸ್ತುಶಿಲ್ಪಿ ಒಟ್ಟೊ ಕೋನಿಗ್ಸ್‌ಬರ್ಗರ್ 1939ರಲ್ಲಿ ಮೈಸೂರು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾದರು. ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಅವರ ಕಟ್ಟಡಗಳು ಈಗಲೂ ಬಳಕೆಯಲ್ಲಿವೆ.

ಈಗ ಯಾರಾದರೂ ತಮ್ಮ ಕುಟುಂಬದ ಮೂಲ ಹುಡುಕಬೇಕು ಅಂದರೆ ಎಲ್ಲಿಂದ ಶುರು ಮಾಡ್ತಾರೆ?

ಮನೆಯ ಕಾಗದಗಳಿಂದ. ಹುಟ್ಟಿದ ಊರು, ತಾಯಿಯ ತವರಿನ ಅಡ್ಡಹೆಸರು, ದೀಕ್ಷೆ ಪಡೆದ ತಾರೀಕು ಇವು ಮೂರು ಸಿಕ್ಕರೆ ದಾರಿ ತೆರೆಯುತ್ತದೆ. ಇಡೀ ಕುಟುಂಬ ಒಂದೇ ದಿನ ದೀಕ್ಷೆ ಪಡೆದಿದ್ದರೆ, ಅದೂ 1938 ಮತ್ತು 1942ರ ನಡುವೆ ಆಗಿದ್ದರೆ, ಇನ್ನಷ್ಟು ಹುಡುಕಲು ಅದೇ ಕಾರಣವಾಗುತ್ತದೆ. ನಂತರ ಜರ್ಮನಿಯ ಬಾಟ್ ಆರೋಲ್ಸೆನ್ ಪಟ್ಟಣದಲ್ಲಿರುವ ಆರೋಲ್ಸೆನ್ ದಾಖಲಾಗಾರವಿದೆ. ನಾಜಿ ಕಿರುಕುಳಕ್ಕೆ ಒಳಗಾದ ಸುಮಾರು 1.75 ಕೋಟಿ ಜನರಿಗೆ ಸಂಬಂಧಿಸಿದ ಕಾಗದಗಳು ಅಲ್ಲಿವೆ. 2007ರಲ್ಲಿ ಸಂಶೋಧಕರಿಗೆ ಬಾಗಿಲು ತೆರೆದ ಈ ಸಂಸ್ಥೆ ಈಗ ಬಹುಪಾಲು ದಾಖಲೆಗಳನ್ನು ಅಂತರ್ಜಾಲದಲ್ಲಿ ಇಟ್ಟಿದೆ, ಬಂಧುಗಳ ವಿಚಾರಣೆಗೆ ಶುಲ್ಕ ಪಡೆಯುವುದಿಲ್ಲ. ಜೆರುಸಲೇಮಿನಲ್ಲಿರುವ ನರಮೇಧದ ಸ್ಮಾರಕ ಸಂಸ್ಥೆ ಯಾದ್ ವಶೆಮ್‌ನ ಹೆಸರುಗಳ ಕೋಶದಲ್ಲಿ ಬದುಕುಳಿದ ಬಂಧುಗಳು ತುಂಬಿಕೊಟ್ಟ ಸಾಕ್ಷ್ಯಪತ್ರಗಳಿವೆ. ಅದರಲ್ಲಿ ಪತ್ರ ತುಂಬಿದವರ ಹೆಸರೂ ಇರುವುದರಿಂದ, ಸತ್ತವರನ್ನು ಹುಡುಕಲು ಹೋಗಿ ಬದುಕಿರುವ ಸೋದರಸಂಬಂಧಿಯನ್ನು ಕಂಡುಕೊಂಡವರಿದ್ದಾರೆ. ಚೆಕ್ ಮೂಲದವರಿಗೆ, ಅಲ್ಲಿನ ಯಹೂದಿಗಳನ್ನು ಕೂಡಿಹಾಕಿದ್ದ ಟೆರೆಜೀನ್ ಘೆಟ್ಟೊದ ಸಾಗಣೆಪಟ್ಟಿಗಳು ಬಹಳ ಉಪಯುಕ್ತ, ಏಕೆಂದರೆ ಅವುಗಳಲ್ಲಿ ಪ್ರತಿಯೊಬ್ಬರಿಗೂ ರೈಲಿನ ಸಂಕೇತಾಕ್ಷರ ಮತ್ತು ಕ್ರಮಸಂಖ್ಯೆ ಇರುತ್ತದೆ, ಒಂದೇ ಮನೆಯವರ ಸಂಖ್ಯೆಗಳು ಸಾಮಾನ್ಯವಾಗಿ ಒಂದರ ಪಕ್ಕ ಒಂದು ಬರುತ್ತವೆ. ಹೆಸರಿನ ಕಾಗುಣಿತ ಜರ್ಮನ್, ಚೆಕ್, ಪೋಲಿಷ್ ಭಾಷೆಗಳಲ್ಲಿ ಬೇರೆ ಬೇರೆಯಾಗಿರುತ್ತದೆ, ಆದ್ದರಿಂದ ಎಲ್ಲ ರೂಪಗಳಲ್ಲೂ ಹುಡುಕಬೇಕು. ಇವೆಲ್ಲಕ್ಕಿಂತ ಮೊದಲು, ಮನೆಯಲ್ಲಿ ಎಂಬತ್ತು ದಾಟಿದ ಹಿರಿಯರು ಇದ್ದರೆ ಅವರ ಬಳಿ ಕೂತು ಕೇಳುವುದನ್ನು ಮುಂದಕ್ಕೆ ಹಾಕಬಾರದು. ನೇರ ಪ್ರಶ್ನೆಗೆ ಬಾಯಿ ಬಿಡದವರೂ ಹಳೆಯ ಫೋಟೊ ಮುಂದಿಟ್ಟು ಇವರು ಯಾರು ಎಂದು ಕೇಳಿದರೆ ಹೆಸರು ಹೇಳುವುದುಂಟು.